ಹತ್ತು ಲಕ್ಷದ ಮೂರು

ಚಳ್ಳಕೆರೆ ರಸ್ತೆಯ ವೇಬ್ರಿಡ್ಜಿನಲ್ಲಿ
ರಾತ್ರಿ ಒಂದೂವರೆಗೆ ಬಿತ್ತು ಆ ನಂಬರು.
ಶೇಂಗಾ ಲಾರಿಯ ಡ್ರೈವರು ಚೀಟಿ ಮಡಚಿ
ಬೀಡಿಕಟ್ಟಿನ ಜೊತೆ ಜೇಬಿಗಿಟ್ಟುಕೊಂಡು ಹೋದ.

ಪಾಲಯ್ಯ ಪೆನ್ನು ತೆಗೆದ.

ಎರಡಕ್ಕೆ ಒಂದು, ಮೂರಕ್ಕೂ ಒಂದು ಉಳಿಯಿತು.
ಏಳು, ಹನ್ನೊಂದು, ಹದಿಮೂರು, ಮೂವತ್ತೇಳು
ಮೊದಲೇ ಮಾತಾಡಿಕೊಂಡವರ ಹಾಗೆ
ನಾಲ್ಕು ನಾಲ್ಕೇ ಉಳಿಸಿ ಎದ್ದುಹೋದವು.
ನಲವತ್ತೊಂದರ ಹತ್ತಿರ ಚಹಾ ಆರಿತು.
ಇನ್ನೂರ ಹನ್ನೊಂದಕ್ಕೆ ಕಲ್ಲಿನ ಲಾರಿ ಬಂತು;
ತೂಗಿ, ಖಾಲಿ ಗಾಡಿಯ ತೂಕ ಕಳೆದು,
ಮತ್ತೆ ಕೂತ.

ಬೆಳಿಗ್ಗೆ ಡ್ಯೂಟಿಗೆ ಬಂದರೆ ಮೇಜಿನ ತುಂಬ ರದ್ದಿ ಚೀಟಿ,
ನೂರ ಅರವತ್ತೆಂಟು ಭಾಗಾಕಾರ.
ಕೊನೆಯದು ಒಂಬೈನೂರ ತೊಂಬತ್ತೇಳು, ಶೇಷ ಹನ್ನೆರಡು.
ಎಲ್ಲಿಯೂ ಸೊನ್ನೆಯಿಲ್ಲ.

"ಅಲ್ಲಿಗೇ ಯಾಕೆ ನಿಲ್ಲಿಸಿದೆ?"
"ಸಾವಿರದಾಚೆಯವನು ಒಬ್ಬನೇ ಬರಾದಿಲ್ಲ ಕಣಪ್ಪ,
ಈಚೆಯವನ ಕೈ ಹಿಡಕಂಡೇ ಬರಬೇಕು.
ಈಚೆಯವರನ್ನೆಲ್ಲ ಕೇಳಿ ಆತು."

ಮುಖ ತೊಳೆದು ಸೈಕಲ್ ಹತ್ತಿದ.
ಗುಡ್ಡದ ಮೇಲೆ ಗಾಳಿಯಂತ್ರಗಳು
ಬಂದ ಗಾಳಿಯನ್ನೆಲ್ಲ ಮೂರು ಪಾಲು ಮಾಡುತ್ತಿದ್ದವು.

ಮುಂದಿನ ನಂಬರು ಎರಡಕ್ಕೇ ಸೋತಿತ್ತು.
ಆ ಚೀಟಿ ಮಾತ್ರ ಇಷ್ಟೊತ್ತಿಗೆ ದಾವಣಗೆರೆ ದಾಟಿರಬೇಕು,
ಯಾರದೋ ಜೇಬಿನ ಬೆವರಲ್ಲಿ ಮೆತ್ತಗಾಗುತ್ತ,
ಯಾರ ಪಾಲಿಗೂ ಬಾರದೆ.