ಒಂದು ಗೇಣು

ರಿವಣದ ಶೆವಂತಿಬಾಯಿಗೆ ನಾಕು ಎಮ್ಮಿ.
ಕೊಟ್ಟಿಗಿ ಕಟ್ಟಾಕ ನಾನು, ದ್ಯಾಮಣ್ಣ, ಒಂದು ವೆಲ್ಡಿಂಗ್ ಮಷೀನು.
ಮಳಿಗೆ ಹನ್ನೆರಡು ದಿನ ಬಾಕಿ.

ನೆಲ ಹಿಂದಕ್ಕ ತುಸು ಇಳಕಲು, ಗಂಜಳ ನಿಲ್ಲಬಾರದು.
ಗಿಲಾವು ನುಣುಪು ಬ್ಯಾಡ, ಗೊರಸು ಜಾರತಾವ.
ಪಡುವಣಕ್ಕ ಸೂರು ಎರಡು ಮೊಳ ಮುಂದ;
ಗೋವಾದ ಮಳಿ ಮ್ಯಾಲಿಂದ ಬರೂದಿಲ್ಲ,
ಅಡ್ಡ ಬರತೈತಿ, ಸಾಲ ಕೇಳಾವರಂಗ.

ನೆತ್ತಿಮ್ಯಾಗ ತಗಡಿಗೆ ತಗಡು ಕೂಡಿಸಲಿಲ್ಲ.
ನಡುವ ಒಂದು ಗೇಣು ಬಿಟ್ಟೆ,
ಅದಕ್ಕೊಂದು ಎತ್ತರದ ಟೊಪಗಿ.
‘ಮುಚ್ಚೂದು ಮರತಿಯೇನೋ?’
‘ಎಮ್ಮಿ ಉಸುರು ಬಿಸಿರಿ ಬಾಯಿ, ಏರಾಕ ದಾರಿ ಬೇಕು.
ಇಲ್ಲಂದ್ರ ತಗಡು ಬೆವತು
ಅವುಗಳ ಬೆನ್ನಮ್ಯಾಲೆ ತೊಟ್ಟಿಕ್ಕತೈತಿ.’

ಆಕಿ ಕೆಳಗಿಂದಲೇ ಬೆರಳು ಬಿಚ್ಚಿ
ಆ ಪಟ್ಟಿ ಆಕಾಶ ಅಳದ್ಳು.
‘ನಿನ್ನ ಗೇಣು ದೊಡ್ಡದು’ ಅಂದ್ಳು,
ರೊಕ್ಕ ಮಾತ್ರ ತನ್ನ ಗೇಣಿಂದ ಎಣಿಸಿದ್ಳು.

ರಾತ್ರಿ ಕುಡಚಡೆಯ ಖೋಲಿ.
ಐದು ಮಂದಿ, ತಗಡು, ಒಂದು ಬಾಗಿಲ.
ಕಿಟಕಿ ಇಟ್ರ ಬಾಡಿಗಿ ಬ್ಯಾರೆ ಅಂತ ಮಾಲಕ.
ಮಲಗೀನಿ. ಹಣಿಮ್ಯಾಲೆ ಒಂದು ಹನಿ.
ಎದ್ದು ಹೊರಗ ನೋಡಿದೆ:
ಮೋಡಿಲ್ಲ, ತುಂಬ ಚುಕ್ಕಿ.

ದ್ಯಾಮಣ್ಣನ ಉಸುರೋ, ನಂದೋ.

ಕತ್ತಲದಾಗ ಚೀಲ ತಡವಿದೆ.
ಗ್ರೈಂಡರ್ ಇನ್ನೂ ಬೆಚ್ಚಗಿತ್ತು.