ಗುರಿಗಳು: ಕರಡು ಪ್ರತಿ

ಸೋಮವಾರದೊಳಗೆ ಕೊಡಿ ಎಂದಿದ್ದಾರೆ ಕುಲಸಚಿವರು:
ಶಿಕ್ಷಣ ವಿಭಾಗದ ಮುಂದಿನ ಹತ್ತು ವರ್ಷ,
ಒಂದೇ ಪುಟದಲ್ಲಿ, ಅಂಚು ಬಿಟ್ಟು, ಬೆರಳಚ್ಚು ಮಾಡಿ.

ಆ ಪುಟ ಮಡಿಚಿ ಚೀಲದಲ್ಲಿಟ್ಟು
ಕೋಲಾರದಲ್ಲಿ ಮುಳಬಾಗಿಲಿನ ಬಸ್ಸು ಹತ್ತಿ,
ಅಲ್ಲಿಂದ ನಂಗಲಿ ಕಡೆಯ ಆಟೋದಲ್ಲಿ
ಎರಡು ಖಾಲಿ ಟೊಮೆಟೊ ಕ್ರೇಟುಗಳ ನಡುವೆ ಮೊಣಕಾಲು ತುರುಕಿ
ಬಂದು ಕೂತಿದ್ದೇನೆ, ಆರನೇ ತರಗತಿಯ ಕೊನೇ ಬೆಂಚಲ್ಲಿ.
ಬೆಂಚಿಗೆ ನನ್ನ ಅಳತೆ ಗೊತ್ತಿಲ್ಲ.

ಇವತ್ತು ತಬ್ರೇಜ್ ಪಾಷನ ಹನ್ನೊಂದನೇ ಅಭ್ಯಾಸ ಪಾಠ. ಭಿನ್ನರಾಶಿ.
ಇಸ್ತ್ರಿ ಮಾಡಿದ ಅಂಗಿ,
ಅಂಗಿಗಿಂತ ಗರಿಗರಿ ಪಾಠಯೋಜನೆ:
ಪೀಠಿಕೆ ಐದು ನಿಮಿಷ, ನಿರೂಪಣೆ ಇಪ್ಪತ್ತೈದು,
ಮೌಲ್ಯಮಾಪನ, ಮನೆಗೆಲಸ, ಗಂಟೆ.
ಥರ್ಮಾಕೋಲಿನ ರೊಟ್ಟಿಯನ್ನು ನಾಲ್ಕು ಮಾಡಿದ,
ಮೂರನ್ನು ಎತ್ತಿ ಹಿಡಿದ: "ಇದು ಮುಕ್ಕಾಲು."
ತರಗತಿಗೆ ತರಗತಿಯೇ ಮುಕ್ಕಾಲು ಅಂತು,
ಅಟ್ಟದ ಪಾರಿವಾಳವೂ ಏನೋ ಅಂತು.

ಕಿಟಕಿ ಪಕ್ಕದ ರೆಡ್ಡೆಮ್ಮ ಎದ್ದಳು:
"ಸಾರ್, ಮುಕ್ಕಾಲು ಅಂಟೆ ಮೂಡು ಕಾಳ್ಳಾ?"

ನಗು. ಮುಂದಿನ ಸಾಲಿನವನಂತೂ
ಒಂಟಿ ಕಾಲಲ್ಲಿ ಕುಂಟಿ ತೋರಿಸಿದ.
ಅವಳ ಮನೆಮಾತಿನಲ್ಲಿ ಕಾಲು ಅಂದರೆ ನಡೆಯುವುದು ಮಾತ್ರ.
ಪಾಲಿಗೆ ಅಲ್ಲಿ ಬೇರೆ ಹೆಸರು.
ಇಪ್ಪತ್ತೆರಡು ವರ್ಷ ಬೋಧನಶಾಸ್ತ್ರ ಬೋಧಿಸಿದವಳು ನಾನು,
ಒಮ್ಮೆಯೂ ಈ ಕಾಲನ್ನು ಎಡವಿರಲಿಲ್ಲ.

ತಬ್ರೇಜ್ ಯೋಜನೆ ನೋಡಿದ. ಅದರಲ್ಲಿರಲಿಲ್ಲ.
ನನ್ನ ಕಡೆ ನೋಡಿದ.
ನಾನು ಅಂಕಪಟ್ಟಿಯೊಳಗೆ ತಲೆ ಹಾಕಿದೆ.
ಆಮೇಲೆ ಸೀಮೆಸುಣ್ಣ ಕೆಳಗಿಟ್ಟ, ಸದ್ದಾಯಿತು.
"ನಂಗೆ ಗೊತ್ತಿರಲಿಲ್ಲ," ಅಂದ. "ನೀನೇ ಹೇಳು.
ಅರ ಲೀಟರ್ ಹಾಲು. ಅದರಲ್ಲಿ ಅರ?"

"ಪಾವು, ಸಾರ್."

"ಪಾವಾ? ನಮ್ಮ ಅಮ್ಮೀನೂ ಪಾವ್ ಅಂತಾರೆ!"

ಅವಳಿಗೆ ನಂಬಿಕೆ ಬರಲಿಲ್ಲ. ಸಾಬರ ಮನೆಯಲ್ಲೂ
ತನ್ನ ಪಾವು ಇರುತ್ತದೆಂದು ಯಾರೂ ಹೇಳಿರಲಿಲ್ಲ.
ಹಲಗೆಯ ಮೇಲೆ ಅವನು ಸಾಲಾಗಿ ಬರೆದ:
ಮುಪ್ಪಾವು. ಪೌನಾ. ಮುಕ್ಕಾಲು.
ಅವುಗಳ ಕೆಳಗೆ, ಗೆರೆ ಎಳೆದು,
ಮೇಲೆ ಮೂರು, ಅಡಿಗೆ ನಾಲ್ಕು.
ಅಷ್ಟರಲ್ಲಿ ಗಂಟೆ ಹೊಡೆಯಿತು.
ಮೌಲ್ಯಮಾಪನ ಇಲ್ಲ, ಮನೆಗೆಲಸ ಇಲ್ಲ.

ನನ್ನ ಪಟ್ಟಿಯಲ್ಲಿ ಧ್ವನಿಗೆ ಮನೆ ಇದೆ,
ಕಪ್ಪುಹಲಗೆಗೆ ಇದೆ, ಬೋಧನೋಪಕರಣಕ್ಕೆ, ಸಮಯಪಾಲನೆಗೆ ಇದೆ.
ಗೊತ್ತಿರಲಿಲ್ಲ ಎಂದು ಹೇಳಿ ಮಗುವಿನ ಮುಂದೆ ನಿಂತಿದ್ದಕ್ಕೆ
ಮನೆ ಇಲ್ಲ. ಆ ಪಟ್ಟಿ ಮಾಡಿದವಳು ನಾನೇ,
ಒಂದು ಬೇಸಿಗೆ ರಜೆ ಪೂರ್ತಿ ಕೂತು.

ವಾಪಸು ಬಸ್ಸಲ್ಲಿ ತೊಡೆಯ ಮೇಲೆ ಗುರಿಗಳನ್ನು ಬರೆದೆ.
ನಾಲ್ಕು ವರ್ಷದ ಸಂಯುಕ್ತ ಪದವಿ ಬೇಕು.
ಪಿಎಚ್.ಡಿ.ಗೆ ಇನ್ನೆಂಟು ಸೀಟು,
ಸೋರದ ಪ್ರಯೋಗಾಲಯ, ಹೊರರಾಜ್ಯದ ಒಡಂಬಡಿಕೆ.
ಬೇಡವೆನ್ನಲಾರೆ, ಇವಕ್ಕಾಗಿ ನಾನೇ ಮೇಜು ಗುದ್ದಿದ್ದೇನೆ.
ನಂತರ ಬರೆದೆ: ಗಡಿಶಾಲೆಗೆ ನಾಲ್ಕು ವಾರ ಸಾಲದು, ವರ್ಷ ಕಳಿಸಿ.
ಬಸ್ಸು ಹಳ್ಳಕ್ಕಿಳಿದು "ವರ್ಷ" ವಕ್ರವಾಯಿತು.
ಇನ್ನೊಂದು: ಕಲಿಸಲು ಹೊರಟವರು ಮೊದಲು
ಮಕ್ಕಳ ಅಜ್ಜಿಯರ ಅಳತೆ ಕಲಿಯಲಿ.
ಇದನ್ನು ಆಡಳಿತದ ಕನ್ನಡಕ್ಕೆ ತಿರುಗಿಸಲು ನನಗೆ ಬರಲಿಲ್ಲ.
ಹಾಗೇ ಬಿಟ್ಟೆ. ಕೆಳಗೆ ಒಂದು ಪಾವು ಪುಟ ಖಾಲಿ.
ಕುಲಸಚಿವರು ಕಾಲು ಎನ್ನಬಹುದು.

ಮುಂದಿನ ಸೀಟಿನಿಂದ ತಬ್ರೇಜ್ ತಿರುಗಿದ:
"ಮೇಡಂ, ಅಂಕ ಹೋಯ್ತಾ?"
"ಸಮಯಪಾಲನೆಗೆ ಹೋಯ್ತು," ಅಂದೆ.
ಅವನು ತಲೆಯಾಡಿಸಿ ಕಿಟಕಿಗೆ ಒರಗಿದ.
ತೊಡೆಯ ಮೇಲೆ ಇನ್ನೂ
ಮೂರು ತುಂಡು ರೊಟ್ಟಿ. ನಾಲ್ಕನೆಯದು
ರೆಡ್ಡೆಮ್ಮನ ಹತ್ತಿರ ಉಳಿದಿದೆಯಂತೆ.