ನೂರಕ್ಕೆ ಐದು

ಅಜ್ಜಿ ಪಿಳ್ಳಮ್ಮ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ
ಮಣ್ಣು ತುಳಿದವಳು.
ಕೈತಪ್ಪಿ ಬಿದ್ದರೆ ಹೆಂಚು ಎರಡು ಚೂರು,
ಅವತ್ತಿನ ಕೂಲಿ ಮುಕ್ಕಾಲು.

ನಾನು ಅದೇ ರಸ್ತೆಯ ರಬ್ಬರ್ ಶೆಡ್ಡಿನಲ್ಲಿ
ಜೋಡಿ ರೋಲರಿನ ಮುಂದೆ.
ನೂರು ಪಾಲು ರಬ್ಬರಿಗೆ ಐದೇ ಪಾಲು ಜೇಡಿ,
ಸೀನಿದರೆ ಹಾರಿಹೋಗುವ ಹಿಟ್ಟು.
"ಮಸಿಯಾದರೆ ಐವತ್ತು ಸುರೀಬೇಕು,
ಇದು ಪದರ ಬಿಚ್ಚಿಕೊಂಡರೆ ಸಾಕು"
ಅಂತಾರೆ ಖಲಂದರ್ ಮೇಸ್ತ್ರಿ.

ಬಿಚ್ಚಿಕೊಳ್ಳುವುದೇ ಕಷ್ಟ.
ಕಣವೊಂದೊಂದೂ ಬಿಗಿದ ವೀಳ್ಯದೆಲೆ ಕಟ್ಟು;
ಅರೆದು ಅರೆದು ಎಲೆಗಳ ನಡುವೆ
ರಬ್ಬರು ನುಸುಳಬೇಕು.
ಆಮೇಲೆ ಒಳಗಿನ ಗಾಳಿಗೆ ನೇರ ದಾರಿಯಿಲ್ಲ,
ಎಲೆಯೆಲೆಯನ್ನೂ ಬಳಸಿ ಬಳಸಿ
ಹೊರಬರುವಷ್ಟರಲ್ಲಿ ಸುಸ್ತು.

ಸೋಮವಾರದ ತುಂಡು ಎಳೆಯುವ ಯಂತ್ರದಲ್ಲಿ
ಬೇಗನೆ ಟಪ್ಪೆಂದಿತು.
ಹರಿದ ಅಂಚಿನಲ್ಲಿ ಅರ್ಧ ಸಾಸಿವೆಯಷ್ಟು ಬಿಳಿ ಚುಕ್ಕೆ:
ಬಿಡಿಸಿಕೊಳ್ಳದ ಗಂಟು.
ಬಿರುಕು ಹುಟ್ಟಿದ್ದು ಅಲ್ಲೇ.
ಮೇಸ್ತ್ರಿ ಬೈಯಲಿಲ್ಲ; ಆ ಚೂರನ್ನು
ನನ್ನ ಅಂಗೈಯಲ್ಲಿಟ್ಟು ಟೀ ಕುಡಿಯಲು ಹೋದರು.

ಪಾಸಾದ ರಿಂಗೊಂದನ್ನು ಮನೆಗೆ ಒಯ್ದೆ.
ಅಜ್ಜಿ ಎಳೆದಳು, ಬಿಟ್ಟಳು, ಮೂಸಿದಳು.
"ಇದರೊಳಗೆ ಮಣ್ಣಿದೆ" ಅಂದೆ.
"ಮತ್ತೆ ಸುಟ್ಟಿಲ್ವೇನೆ?"
"ಸುಟ್ಟಿದೀವಿ, ನೂರೈವತ್ತು ಡಿಗ್ರಿ."
ಗೂಡಿನ ಬೆಂಕಿ ನೋಡಿದ ಕಣ್ಣು ಸಣ್ಣಗೆ ನಕ್ಕಿತು:
"ಅದು ಬಿಸಿಲು ಕಣೇ."